ಅಡುಗೆಮನೆಯೂ ಪಾಠಶಾಲೆಯೇ: ಪ್ರೌಢಶಾಲೆಯಲ್ಲಿ ಪಾಕ, ಪೋಷಣೆ ಮತ್ತು ಆಹಾರ ವಿಜ್ಞಾನದ ಶಿಕ್ಷಣ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಾಗಲಿ, ಹೊನ್ನಾಳಿಯ ಹೊಳೆದಂಡೆಯ ಊರಾಗಲಿ, ನ್ಯಾಮತಿ ಅಥವಾ ಜಗಳೂರಿನ ಒಣಭೂಮಿಯ ಹಳ್ಳಿಯಾಗಲಿ, ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಅಂಗಳದಲ್ಲಿ ಕಾಣುವ ನೋಟ ಒಂದೇ. ಮಕ್ಕಳು ಕೈತೊಳೆದು, ತಟ್ಟೆ ಹಿಡಿದು, ಸಾಲಾಗಿ ಕುಳಿತುಕೊಳ್ಳುತ್ತಾರೆ. ಬಿಸಿಯೂಟದ ಅಡುಗೆಯವರು ಅನ್ನ, ಸಾಂಬಾರು ಬಡಿಸುತ್ತಾರೆ. ಊಟ ಮುಗಿದ ಮೇಲೆ ಮಕ್ಕಳು ತರಗತಿಗೆ ಮರಳಿ ವಿಜ್ಞಾನದ ಪುಸ್ತಕ ತೆರೆಯುತ್ತಾರೆ. ಆ ಪುಸ್ತಕದಲ್ಲಿ ಪೋಷಕಾಂಶಗಳ ಹೆಸರಿದೆ, ಸೂಕ್ಷ್ಮಜೀವಿಗಳ ಚಿತ್ರವಿದೆ, ಆಮ್ಲ ಮತ್ತು ಪ್ರತ್ಯಾಮ್ಲಗಳ ಸೂತ್ರವಿದೆ. ಆದರೆ ಈಗತಾನೇ ಉಂಡ ಅನ್ನಕ್ಕೂ ಈಗ ಓದುತ್ತಿರುವ ಪಾಠಕ್ಕೂ ಸಂಬಂಧವಿದೆಯೆಂದು ತೋರಿಸಿಕೊಡುವವರು ವಿರಳ. ಅಡುಗೆಕೋಣೆಗೂ ತರಗತಿಗೂ ನಡುವೆ ಇಪ್ಪತ್ತು ಹೆಜ್ಜೆಗಳ ಅಂತರ. ಆ ಇಪ್ಪತ್ತು ಹೆಜ್ಜೆಗಳನ್ನು ನಮ್ಮ ಶಿಕ್ಷಣವು ಇನ್ನೂ ಪೂರ್ಣವಾಗಿ ನಡೆದಿಲ್ಲ.

ಪ್ರೌಢಶಾಲೆಯಲ್ಲಿ ಅಡುಗೆ, ಪೋಷಣೆ ಮತ್ತು ಆಹಾರ ತಂತ್ರಜ್ಞಾನವನ್ನು ಕಲಿಸುವುದೆಂದರೆ ಏನು, ಅದು ಏಕೆ ಬೇಕು, ನಮ್ಮ ನೆಲದ ಬೆಳೆ ಮತ್ತು ಊಟವನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಹೇಗೆ ಕಲಿಸಬಹುದು ಎಂಬುದನ್ನು ಸದ್ಭಕ್ತರ ಮುಂದೆ ವಿವರಿಸುವುದು ಈ ಲೇಖನದ ಉದ್ದೇಶ.

ದಾಸೋಹದ ಹೆಸರಿನ ಯೋಜನೆ

ಶಾಲೆಯಲ್ಲಿ ಬಿಸಿಯೂಟ ನೀಡುವ ಕಾರ್ಯಕ್ಕೆ ಕರ್ನಾಟಕ ಸರ್ಕಾರವು "ಅಕ್ಷರ ದಾಸೋಹ" ಎಂದು ಹೆಸರಿಟ್ಟಿತು. 12ನೆಯ ಶತಮಾನದ ಶರಣರು ಅರ್ಥ ತುಂಬಿದ ಪದವೊಂದು ಇಡೀ ರಾಜ್ಯದ ಮಕ್ಕಳ ಊಟದ ಹೆಸರಾಯಿತೆಂಬುದು ಚಿಕ್ಕ ಸಂಗತಿಯಲ್ಲ. ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿಯೂ ಬೇಯಿಸಿದ ಊಟವನ್ನೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶಿಸಿತು. ಅದರ ಮುಂದಿನ ವರ್ಷ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಯೋಜನೆಯು ಬಳಿಕ ರಾಜ್ಯದಾದ್ಯಂತ ವಿಸ್ತರಿಸಿ, 2007ರ ಹೊತ್ತಿಗೆ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳನ್ನೂ ತಲುಪಿತು. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದು, 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ಪ್ರತಿ ಮಗುವಿನ ಲೋಟಕ್ಕೆ ಬಂದಿತು. ಇತ್ತೀಚಿನ ವರ್ಷಗಳಲ್ಲಿ ಪೂರಕ ಪೌಷ್ಟಿಕ ಆಹಾರವಾಗಿ ಮೊಟ್ಟೆಯನ್ನೂ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೂ ಕೊಡಲಾಗುತ್ತಿದೆ.

ಹೀಗೆ ಅನ್ನದ ದಾಸೋಹವು ಶಾಲೆಯಲ್ಲಿ ನೆಲೆಗೊಂಡಿದೆ. ಆದರೆ ಹಸಿದವನಿಗೆ ಅನ್ನ ನೀಡಿದರೆ ಮಾತ್ರ ದಾಸೋಹವು ಪೂರ್ಣವಾಗದು. ಉಂಡವನು ಅರಿವುಳ್ಳವನಾಗಿ ಇನ್ನೊಬ್ಬರಿಗೆ ಉಣಿಸಬಲ್ಲವನಾಗಬೇಕು. ಅನ್ನ ಮತ್ತು ಅರಿವು ಒಂದೇ ಪಂಕ್ತಿಯಲ್ಲಿ ಕುಳಿತಾಗ ಮಾತ್ರ ಆ ಹೆಸರು ಸಾರ್ಥಕವಾಗುತ್ತದೆ.

ಮೂರು ಎಳೆಗಳು, ಒಂದು ವಿದ್ಯೆ

ಆಹಾರದ ಶಿಕ್ಷಣದಲ್ಲಿ ಮೂರು ಎಳೆಗಳಿವೆ. ಮೊದಲನೆಯದು ಪಾಕ: ಅಕ್ಕಿ ತೊಳೆಯುವುದು, ಬೇಳೆ ಬೇಯಿಸುವುದು, ಹಿಟ್ಟು ನಾದುವುದು, ಒಗ್ಗರಣೆ ಹಾಕುವುದು, ಪಾತ್ರೆ ತೊಳೆದಿಡುವುದು. ಇದು ಕೈಯ ವಿದ್ಯೆ. ಎರಡನೆಯದು ಪೋಷಣೆ: ಯಾವ ಆಹಾರದಲ್ಲಿ ಏನಿದೆ, ಅದು ದೇಹದಲ್ಲಿ ಏನು ಮಾಡುತ್ತದೆ, ಯಾರಿಗೆ ಎಷ್ಟು ಬೇಕು ಎಂಬ ತಿಳಿವು. ಮೂರನೆಯದು ಆಹಾರ ತಂತ್ರಜ್ಞಾನ: ಬೆಳೆದದ್ದನ್ನು ಒಣಗಿಸುವುದು, ಹುರಿಯುವುದು, ಹುದುಗಿಸುವುದು, ಕೆಡದಂತೆ ಕಾಪಾಡುವುದು, ಪೊಟ್ಟಣ ಕಟ್ಟುವುದು, ಪೊಟ್ಟಣದ ಮೇಲಿನ ಬರಹವನ್ನು ಓದಿ ಅರ್ಥಮಾಡಿಕೊಳ್ಳುವುದು.

ಇದು ಹೊರಗಿನಿಂದ ತಂದ ವಿದ್ಯೆಯೇನೂ ಅಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ "ಲೋಕೋಪಕಾರ"ದಲ್ಲಿ ಕೃಷಿ, ವೈದ್ಯ ಮುಂತಾದ ಜನೋಪಯೋಗಿ ವಿಷಯಗಳ ಜೊತೆಗೆ ಅಡುಗೆಯ ಭಾಗವೂ ಇದೆ. 16ನೆಯ ಶತಮಾನದ ಮಂಗರಸನು ಕನ್ನಡದಲ್ಲಿ "ಸೂಪಶಾಸ್ತ್ರ"ವೆಂಬ ಪ್ರತ್ಯೇಕ ಗ್ರಂಥವನ್ನೇ ರಚಿಸಿದನು. ಕೆಳದಿಯ ಬಸವಪ್ಪ ನಾಯಕನ ಸಂಸ್ಕೃತ ವಿಶ್ವಕೋಶ "ಶಿವತತ್ತ್ವರತ್ನಾಕರ"ದಲ್ಲಿಯೂ ಪಾಕವಿದ್ಯೆಗೆ ಸ್ಥಾನವಿದೆ. ಆ ಬಸವಪ್ಪ ನಾಯಕನನ್ನು ದತ್ತುಪುತ್ರನಾಗಿ ಬೆಳೆಸಿದವಳು ಕೆಳದಿಯ ರಾಣಿ ಚೆನ್ನಮ್ಮ. ಚನ್ನಗಿರಿಗೆ ಆಕೆಯಿಂದಲೇ ಹೆಸರು ಬಂದಿತೆಂಬುದು ಈ ಸೀಮೆಯ ಜನರ ನಂಬಿಕೆ. ಅಡುಗೆಯನ್ನು ಶಾಸ್ತ್ರವೆಂದು ಬರೆದಿಟ್ಟ ನಾಡು ಅದನ್ನು ಶಾಲೆಯ ಬಾಗಿಲ ಹೊರಗೆ ನಿಲ್ಲಿಸುವುದು ಸಲ್ಲದು.

ರಕ್ತಹೀನತೆಯೆಂಬ ಮೌನ ಸಂಕಟ

ಈ ಶಿಕ್ಷಣ ಏಕೆ ಬೇಕೆಂಬುದಕ್ಕೆ ಮೊದಲ ಉತ್ತರ ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿ ರಕ್ತಹೀನರು. ಅಂದರೆ ಸುಮಾರು ಇಬ್ಬರಲ್ಲಿ ಒಬ್ಬರು. ಪ್ರೌಢಶಾಲೆಯ ವಯಸ್ಸಿನ ಹುಡುಗಿಯ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಬೇಗ ದಣಿವು, ಉಬ್ಬಸ, ಪಾಠದ ಮೇಲೆ ಗಮನ ನಿಲ್ಲದಿರುವುದು ಮೊದಲಾದವು ಕಾಣಿಸಿಕೊಳ್ಳುತ್ತವೆ. "ಓದಿನಲ್ಲಿ ಹಿಂದುಳಿದಿದ್ದಾಳೆ" ಎಂದು ನಾವು ಹೇಳುವ ಮಗು ಹಲವು ಸಲ ಕಬ್ಬಿಣದ ಕೊರತೆಯಿಂದ ಬಳಲುತ್ತಿರುತ್ತದೆ.

ಸರ್ಕಾರವು ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆಯನ್ನು ನೀಡುತ್ತದೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಆದರೆ ಏಕೆ ಕೊಡುತ್ತಾರೆಂಬುದು ತಿಳಿಯದ ಮಗುವು ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವುದೂ ಉಂಟು. ಇಲ್ಲಿಯೇ ಪಾಠದ ಅಗತ್ಯ ಬರುತ್ತದೆ. ಸೊಪ್ಪು, ಕಾಳು, ರಾಗಿ, ಸಜ್ಜೆಗಳಲ್ಲಿರುವ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ನಿಂಬೆರಸ, ನೆಲ್ಲಿಕಾಯಿ, ಪೇರಲೆಹಣ್ಣಿನಂತಹ "ಸಿ" ಜೀವಸತ್ವವುಳ್ಳ ಪದಾರ್ಥವಿದ್ದರೆ ಹೀರುವಿಕೆ ಹೆಚ್ಚುತ್ತದೆ. ಊಟದೊಡನೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ ಅದು ಕುಗ್ಗುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಹುರುಳಿ ಮೊಳಕೆಯ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದು, ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿಡುವುದು: ಈ ಎರಡು ಅಭ್ಯಾಸಗಳಿಗೆ ವಿಶೇಷ ಖರ್ಚಿಲ್ಲ, ಬೇಕಾದದ್ದು ತಿಳಿವಳಿಕೆ. ಹದಿನಾಲ್ಕು ವರ್ಷದ ಹುಡುಗಿಗೆ ಇದು ತಿಳಿದರೆ ಮುಂದೆ ಅವಳು ತಾಯಿಯಾದಾಗ ಆ ತಿಳಿವು ಇನ್ನೊಂದು ಜೀವವನ್ನೂ ಕಾಯುತ್ತದೆ.

ಸಸ್ಯಾಹಾರಿ ಕುಟುಂಬಗಳು ತಿಳಿಯಬೇಕಾದದ್ದು

ನಮ್ಮ ಸಮಾಜದ ಬಹುಪಾಲು ಮನೆಗಳು ಸಸ್ಯಾಹಾರವನ್ನು ನಿಷ್ಠೆಯಿಂದ ಪಾಲಿಸುತ್ತವೆ. ನಿಷ್ಠೆಯೊಡನೆ ಲೆಕ್ಕವೂ ಗೊತ್ತಿರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಇರುತ್ತದೆ. ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು 1 ಗ್ರಾಂ ಮಾತ್ರ. ಆದ್ದರಿಂದ ಸಸಾರಜನಕದ ದೃಷ್ಟಿಯಿಂದ ಬಾಳೆಹಣ್ಣು ಮೊಟ್ಟೆಗೆ ಸಮನಲ್ಲ. ಆದರೆ 25 ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಮೊಟ್ಟೆ ಬೇಡವೆನ್ನುವ ಮನೆಯವರು ಮಗುವಿಗೆ ಮನೆಯಲ್ಲಿ ಶೇಂಗಾವನ್ನು ಕೊಡಬೇಕು. ಮನೆಯಲ್ಲಿ ಹಾಲು, ಮೊಸರು, ಕಾಳುಗಳನ್ನು ತಪ್ಪದೆ ಕೊಡಬೇಕು.

ಇನ್ನೊಂದು ಮುಖ್ಯ ವಿಷಯ "ಬಿ12" ಜೀವಸತ್ವದ್ದು. ಸಸ್ಯಾಹಾರಿಗಳಿಗೆ ಅದು ಸಹಜವಾಗಿ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಶಾಲೆಯಲ್ಲಿ ಕೊಡುವ ಹಾಲನ್ನು ಬೇಡವೆಂದು ಚೆಲ್ಲುವ ಮಗುವಿಗೆ ಈ ಮಾತು ತಿಳಿದಿರಬೇಕು. ಸಸ್ಯಾಹಾರವು ಸಂಪೂರ್ಣ ಆಹಾರವಾಗಬಲ್ಲದು. ಆದರೆ ತಟ್ಟೆಯಲ್ಲಿ ಬರಿಯ ಅನ್ನ ಮತ್ತು ತಿಳಿಸಾರು ತುಂಬಿದರೆ ಅದು ಸಂಪೂರ್ಣವಾಗದು. ಅನ್ನದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅನ್ನದಲ್ಲಿ ಸಾಕಷ್ಟಿದೆ. ನಮ್ಮ ಹಿರಿಯರು ಅನ್ನಕ್ಕೆ ಬೇಳೆ, ಮುದ್ದೆಗೆ ಹುರುಳಿಕಟ್ಟು, ರೊಟ್ಟಿಗೆ ಕಾಳುಪಲ್ಯ ಎಂದು ಜೋಡಿಸಿದ್ದು ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಣೆ.

ಬಿಸಿಯೂಟದ ಲೆಕ್ಕ

ಪೋಷಣೆಯ ಪಾಠಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಆ ದಿನದ ಬಿಸಿಯೂಟವೇ ಸಾಕು. ಕೇಂದ್ರದ ಮಾನದಂಡದಂತೆ ಹಿರಿಯ ಪ್ರಾಥಮಿಕ ಹಂತದ ಒಂದು ಮಗುವಿನ ಊಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಬೇಕು. ಆ ಊಟದಿಂದ 700 ಕಿಲೋಕ್ಯಾಲೊರಿ ಶಕ್ತಿ ಮತ್ತು 20 ಗ್ರಾಂ ಸಸಾರಜನಕ ದೊರೆಯಬೇಕು. ಇದು ಸರಿಯೇ ಎಂದು ಮಕ್ಕಳೇ ಲೆಕ್ಕ ಹಾಕಿ ನೋಡಬಹುದು.

100 ಗ್ರಾಂ ಅಕ್ಕಿಯಿಂದ ಸುಮಾರು 350 ಕಿಲೋಕ್ಯಾಲೊರಿ. ಹಾಗಾದರೆ 150 ಗ್ರಾಮಿನಿಂದ 525. 100 ಗ್ರಾಂ ತೊಗರಿಬೇಳೆಯಿಂದ ಸುಮಾರು 330. 30 ಗ್ರಾಮಿನಿಂದ 99. ಎಣ್ಣೆಯ ಪ್ರತಿ ಗ್ರಾಮಿಗೆ 9, 7.5 ಗ್ರಾಮಿನಿಂದ 67.5. ಕೂಡಿದರೆ 691.5. ತರಕಾರಿಯ ಅಲ್ಪ ಪಾಲು ಸೇರಿದಾಗ 700 ದಾಟುತ್ತದೆ. ಸಸಾರಜನಕದ ಲೆಕ್ಕವೂ ಹೀಗೆಯೇ. ಅಕ್ಕಿಯಲ್ಲಿ ಶೇಕಡ 7.5 ಎಂದರೆ ಸುಮಾರು 11 ಗ್ರಾಂ, ಬೇಳೆಯಲ್ಲಿ ಶೇಕಡ 22 ಎಂದರೆ 6.6 ಗ್ರಾಂ; ಉಳಿದ ಎರಡು ಗ್ರಾಮಿನಷ್ಟು ತರಕಾರಿ ಮುಂತಾದವುಗಳಿಂದ ಬರಬೇಕು.

ಈ ಲೆಕ್ಕ ಮಾಡಿದ ಮಗುವಿಗೆ ಇನ್ನೊಂದು ಸತ್ಯವೂ ಹೊಳೆಯುತ್ತದೆ. ತಟ್ಟೆಯಲ್ಲಿ ತರಕಾರಿಯನ್ನು ಆಯ್ದು ಬದಿಗಿಟ್ಟರೆ, ಬೇಳೆಯ ಪ್ರಮಾಣ ಕಡಿಮೆಯಾಗಿ ಸಾಂಬಾರು ನೀರಾದರೆ, ನಷ್ಟ ಎಷ್ಟೆಂದು ಅದಕ್ಕೆ ಗೊತ್ತಾಗುತ್ತದೆ. ಗಣಿತವೂ ವಿಜ್ಞಾನವೂ ಪೌರಪ್ರಜ್ಞೆಯೂ ಒಂದೇ ತಟ್ಟೆಯಲ್ಲಿ ಸಿಗುವ ಪಾಠವಿದು. ತನ್ನ ಹಕ್ಕಿನ ಅಳತೆಯನ್ನು ಬಲ್ಲ ಮಗುವಿನ ಮುಂದೆ ಯಾರೂ ಸುಲಭವಾಗಿ ತೂಕ ತಪ್ಪಿಸಲಾರರು.

ನಮ್ಮ ನೆಲದ ಆಹಾರ ತಂತ್ರಜ್ಞಾನ

"ಆಹಾರ ತಂತ್ರಜ್ಞಾನ" ಎಂದೊಡನೆ ದೊಡ್ಡ ಕಾರ್ಖಾನೆಗಳು ಕಣ್ಣಮುಂದೆ ಬರುತ್ತವೆ. ಆದರೆ ದಾವಣಗೆರೆ ಸೀಮೆಯ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ಪಾಠ ಬೇರೆಲ್ಲಿದೆ? ಭತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಚ್ಚಿ ಹದವಾಗಿ ಆರಿಸಿ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಾಳಿನೊಳಗಿನ ತೇವವು ಕ್ಷಣಾರ್ಧದಲ್ಲಿ ಆವಿಯಾಗಿ, ಹೊರಬರಲು ದಾರಿ ಕಾಣದೆ, ಮೆತ್ತಗಾದ ಪಿಷ್ಟವನ್ನು ಉಬ್ಬಿಸುತ್ತದೆ. ತೇವ ಹೆಚ್ಚಾದರೂ ಕಡಿಮೆಯಾದರೂ ಅಕ್ಕಿ ಸರಿಯಾಗಿ ಅರಳದು. ಶಾಖ, ಆವಿ, ಒತ್ತಡ, ಪಿಷ್ಟ: ಭೌತವಿಜ್ಞಾನ ಮತ್ತು ರಸಾಯನವಿಜ್ಞಾನದ ನಾಲ್ಕು ಅಧ್ಯಾಯಗಳು ಒಂದು ಸೇರು ಮಂಡಕ್ಕಿಯಲ್ಲಿವೆ.

ಭದ್ರಾ ನಾಲೆಯ ನೀರುಂಡ ಚನ್ನಗಿರಿ, ಹೊನ್ನಾಳಿಗಳಲ್ಲಿ ಭತ್ತ ಮತ್ತು ಅಡಿಕೆ. ನ್ಯಾಮತಿಯ ಕಡೆ ಮೆಕ್ಕೆಜೋಳ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ರಾಗಿ, ಜೋಳ, ಶೇಂಗಾ, ಮೆಕ್ಕೆಜೋಳ. ಒಂದೇ ಜಿಲ್ಲೆಯೊಳಗೆ ಇಷ್ಟು ವೈವಿಧ್ಯವಿದೆ. ಪ್ರತಿ ಬೆಳೆಗೂ ಒಂದೊಂದು ಪಾಠವನ್ನು ಹೆಣೆಯಬಹುದು.

ಅಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿದಷ್ಟೂ ತವುಡಿನೊಡನೆ "ಬಿ" ಗುಂಪಿನ ಜೀವಸತ್ವಗಳು ಹೊರಟುಹೋಗುತ್ತವೆ. ಅಕ್ಕಿಯನ್ನು ಮತ್ತೆಮತ್ತೆ ಉಜ್ಜಿ ತೊಳೆದರೆ, ಗಂಜಿಯನ್ನು ಬಸಿದು ಚೆಲ್ಲಿದರೆ, ಉಳಿದದ್ದೂ ಹೋಗುತ್ತದೆ. ಕುಸುಬಲಕ್ಕಿಯಲ್ಲಿ ಭತ್ತವನ್ನು ಮೊದಲೇ ಬೇಯಿಸುವುದರಿಂದ ಜೀವಸತ್ವಗಳು ಕಾಳಿನ ಒಳಕ್ಕಿಳಿದು ಹೆಚ್ಚು ಉಳಿಯುತ್ತವೆ. ರಾಗಿಯಲ್ಲಿ ಪ್ರತಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ. ಅದನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಪಿಷ್ಟವು ಭಾಗಶಃ ಒಡೆದು ಮಕ್ಕಳಿಗೆ ಸುಲಭವಾಗಿ ಜೀರ್ಣವಾಗುತ್ತದೆ. ಅಜ್ಜಿಯರು ಕೂಸಿಗೆ ಮಾಡಿಕೊಡುವ ರಾಗಿಸರಿ ಇದೇ.

ಮೆಕ್ಕೆಜೋಳ ಮತ್ತು ಶೇಂಗಾದಲ್ಲಿ ಇನ್ನೊಂದು ಎಚ್ಚರಿಕೆಯ ಪಾಠವಿದೆ. ಸರಿಯಾಗಿ ಒಣಗದ ಕಾಳಿನಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅದು ಯಕೃತ್ತಿಗೆ ಹಾನಿಕರ. ಸಾಮಾನ್ಯ ಅಡುಗೆಯ ಶಾಖಕ್ಕೆ ಪೂರ್ಣವಾಗಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ, ಸುರುಟಿದ, ಬಣ್ಣಗೆಟ್ಟ ಶೇಂಗಾ ಬೀಜಗಳನ್ನು ಆರಿಸಿ ಎಸೆಯುವ ಅಜ್ಜಿಯ ಅಭ್ಯಾಸದ ಹಿಂದೆ ಇರುವ ವಿಜ್ಞಾನವಿದು. ರಸ್ತೆಯ ಮೇಲೆ ಹರವಿದ ಮೆಕ್ಕೆಜೋಳಕ್ಕೆ ಅಕಾಲದ ಮಳೆ ಬಿದ್ದಾಗ ಅಪ್ಪ ಏಕೆ ಕಂಗಾಲಾಗುತ್ತಾನೆಂಬುದು ಮಗನಿಗೆ ಆಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಅಡಿಕೆ ತೋಟಗಳು ಹಬ್ಬಿದಂತೆ ಹಲವು ಮನೆಗಳ ಹಿತ್ತಲಿನ ಅವರೆ ಚಪ್ಪರ, ನುಗ್ಗೆಮರ, ಹೊನಗೊನ್ನೆ ಸೊಪ್ಪು ಕಣ್ಮರೆಯಾಗಿ, ಕೈಯಲ್ಲಿ ಹಣವಿದ್ದರೂ ಊಟವು ಬಡವಾಗುತ್ತಿದೆ. ಅಂಗಡಿಯ ಪೊಟ್ಟಣವು ಆ ಜಾಗವನ್ನು ತುಂಬುತ್ತಿದೆ. ಆದ್ದರಿಂದ ಪೊಟ್ಟಣವನ್ನು ಓದುವ ಪಾಠವೂ ಬೇಕು. ತಯಾರಿಸಿದ ದಿನಾಂಕ, ಬಳಸಬೇಕಾದ ಅವಧಿ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ಉಪ್ಪು, ಸಕ್ಕರೆ, ಕೊಬ್ಬಿನ ಪ್ರಮಾಣ ಇವೆಲ್ಲ ಅಲ್ಲಿ ಮುದ್ರಿತವಾಗಿರುತ್ತವೆ. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯುಳ್ಳ ತಿನಿಸುಗಳನ್ನು ಶಾಲೆಯ ಸುತ್ತ 50 ಮೀಟರ್ ಒಳಗೆ ಮಾರಬಾರದೆಂದು 2020ರ ನಿಯಮವಿದೆ. ನಿಯಮವಿದ್ದರೂ ಶಾಲೆಯ ಗೇಟಿನ ಎದುರಿಗೇ ಕುರುಕುಲು ಪೊಟ್ಟಣಗಳು ತೂಗಾಡುತ್ತಿರುವುದನ್ನು ನಾವು ಕಾಣುತ್ತೇವೆ. ಓದಬಲ್ಲ ಮಗುವೇ ಅದಕ್ಕೆ ನಿಜವಾದ ಕಾವಲು.

ಸುರಕ್ಷತೆ: ಮರೆಯಬಾರದ ಎರಡು ದುರಂತಗಳು

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಮರಣ ಹೊಂದಿದರು. ಊಟದಲ್ಲಿ ಮಾನೊಕ್ರೋಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಒಂಬತ್ತು ವರ್ಷಗಳ ಅಂತರದಲ್ಲಿ ಒಂದೇ ತಾರೀಖಿನಂದು ನಡೆದ ಈ ಎರಡು ದುರಂತಗಳು ಅಡುಗೆಯ ಸುರಕ್ಷತೆ ಎಷ್ಟು ಗಂಭೀರ ವಿದ್ಯೆಯೆಂಬುದನ್ನು ತೋರಿಸುತ್ತವೆ.

ನಮ್ಮದು ಕೃಷಿಕರ ಸೀಮೆ. ಭತ್ತಕ್ಕೂ ಅಡಿಕೆಗೂ ಹೊಡೆಯುವ ಔಷಧಿ ಪ್ರತಿ ಮನೆಯ ಹಗೇವಿನಲ್ಲೋ ಕೊಟ್ಟಿಗೆಯಲ್ಲೋ ಇರುತ್ತದೆ. ಖಾಲಿಯಾದ ಔಷಧಿ ಡಬ್ಬಿಯನ್ನು ತೊಳೆದು ಎಣ್ಣೆಗೋ ನೀರಿಗೋ ಬಳಸುವ ಅಭ್ಯಾಸ ಇನ್ನೂ ಪೂರ್ಣವಾಗಿ ಹೋಗಿಲ್ಲ. ಹಾಗೆ ಬಳಸಲೇಬಾರದು; ಡಬ್ಬಿಗೆ ತೂತು ಹೊಡೆದು ನಿರುಪಯುಕ್ತಗೊಳಿಸಬೇಕು; ಔಷಧಿಯನ್ನು ಆಹಾರ ಪದಾರ್ಥಗಳಿಂದ ದೂರ, ಬೀಗ ಹಾಕಿದ ಜಾಗದಲ್ಲಿಡಬೇಕು. ಶಾಲೆಯಲ್ಲಿ ಒಂದು ಮಗು ಇದನ್ನು ಕಲಿತು ಮನೆಯಲ್ಲಿ ಹೇಳಿದರೆ ಆ ಒಂದೇ ಮಾತು ಒಂದು ಮನೆತನವನ್ನು ಉಳಿಸಬಹುದು.

ಇದರೊಡನೆ ನಿತ್ಯದ ಸೂತ್ರಗಳಿವೆ. ಬೇಯಿಸಿದ ಆಹಾರವನ್ನು ಬಿಸಿಯಾಗಿಯೇ ಉಣ್ಣಬೇಕು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮದ ಹಿಂದಿರುವುದೂ ಇದೇ ಕಾಳಜಿ.

ಗಂಡುಮಕ್ಕಳೂ ಕಲಿಯಬೇಕು

ಅಡುಗೆ ಕಲಿಸುವುದೆಂದರೆ ಹೆಣ್ಣುಮಕ್ಕಳನ್ನು ಮತ್ತೆ ಒಲೆಯ ಮುಂದೆ ಕೂರಿಸುವುದೆಂಬ ಆತಂಕ ಕೆಲವರಿಗಿದೆ. ಹೆಣ್ಣುಮಕ್ಕಳಿಗೆ ಮಾತ್ರ ಕಲಿಸಿದರೆ ಆ ಆತಂಕ ಸರಿಯೇ. ಜಪಾನಿನಲ್ಲಿ ಗೃಹವಿಜ್ಞಾನವು ಬಹುಕಾಲ ಹುಡುಗಿಯರ ಪಾಠವಾಗಿತ್ತು. 1993ರಲ್ಲಿ ಕಿರಿಯ ಪ್ರೌಢಶಾಲೆಯಲ್ಲಿಯೂ 1994ರಲ್ಲಿ ಹಿರಿಯ ಪ್ರೌಢಶಾಲೆಯಲ್ಲಿಯೂ ಅದನ್ನು ಹುಡುಗರಿಗೂ ಕಡ್ಡಾಯಗೊಳಿಸಲಾಯಿತು. 2005ರಲ್ಲಿ ಆ ದೇಶವು ಆಹಾರ ಶಿಕ್ಷಣಕ್ಕಾಗಿಯೇ ಕಾನೂನು ಮಾಡಿತು. ಫಿನ್ಲೆಂಡಿನಲ್ಲಿ ಏಳನೆಯ ತರಗತಿಯ ಎಲ್ಲ ಮಕ್ಕಳೂ ಗೃಹವಿಜ್ಞಾನವನ್ನು ಕಲಿಯುತ್ತಾರೆ. ಇಂಗ್ಲೆಂಡಿನಲ್ಲಿ 2014ರಿಂದ 14 ವರ್ಷದವರೆಗಿನ ಮಕ್ಕಳಿಗೆ ಅಡುಗೆ ಮತ್ತು ಪೋಷಣೆ ರಾಷ್ಟ್ರೀಯ ಪಠ್ಯಕ್ರಮದ ಭಾಗವಾಯಿತು. ನಮ್ಮ ದೇಶದಲ್ಲಿಯೂ 1937ರ ವಾರ್ಧಾ ಸಮ್ಮೇಳನದಲ್ಲಿ ಮಹಾತ್ಮ ಗಾಂಧೀಜಿಯವರು ಮಂಡಿಸಿದ "ನಯೀ ತಾಲೀಮ್" ಶಿಕ್ಷಣವು ಕೈಕೆಲಸವನ್ನು ಕಲಿಕೆಯ ಕೇಂದ್ರವಾಗಿಸಿತ್ತು. ಸೇವಾಗ್ರಾಮದ ಶಾಲೆಯಲ್ಲಿ ಅಡುಗೆಮನೆಯೂ ಪಾಠದ ಭಾಗವಾಗಿತ್ತು.

ನಮ್ಮ ಹಳ್ಳಿಯ ಹುಡುಗನೊಬ್ಬ ಎಸ್‌ಎಸ್‌ಎಲ್‌ಸಿ ಮುಗಿಸಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ ಬಾಡಿಗೆ ಕೋಣೆಯಲ್ಲಿ ಉಳಿಯುತ್ತಾನೆ. ಅನ್ನ ಮಾಡಲು ಬಾರದ ಅವನು ವರ್ಷಗಟ್ಟಲೆ ಹೊರಗಿನ ಎಣ್ಣೆ ತಿಂಡಿಯಲ್ಲಿಯೇ ಕಾಲ ಕಳೆಯುತ್ತಾನೆ. ಹೊಲದಲ್ಲಿ ದುಡಿದು ಬಂದ ತಾಯಿ ಜ್ವರದಿಂದ ಮಲಗಿದ ದಿನ ಮನೆಯ ಒಲೆಯೇ ಹೊತ್ತುವುದಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಪರಂಪರೆಯ ಮಕ್ಕಳಿಗೆ ಒಲೆಯ ಕಾಯಕ ಮಾತ್ರ ಹೆಣ್ಣಿಗೆ ಮೀಸಲು ಎಂಬ ಭಾವನೆ ಒಪ್ಪುವಂತಹುದಲ್ಲ. ಭತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮವ್ವೆ, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನಮ್ಮ ಗುರುಗಳು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಪ್ರಸಂಗವು ಅಳತೆಯರಿತು ಬಳಸುವ, ಒಂದಗುಳೂ ವ್ಯರ್ಥವಾಗದಂತೆ ನೋಡಿಕೊಳ್ಳುವ ಪಾಠವಲ್ಲದೆ ಮತ್ತೇನು?

ಒಲೆಯ ಬಳಿ ಯಾರು ನಿಲ್ಲಬಹುದು?

ಇನ್ನೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಪರಿಶಿಷ್ಟ ಸಮುದಾಯದ ತಾಯಂದಿರು ಅಡುಗೆ ಮಾಡುತ್ತಾರೆಂಬ ಕಾರಣಕ್ಕೆ ಮಕ್ಕಳನ್ನು ಬಿಸಿಯೂಟಕ್ಕೆ ಕಳುಹಿಸದ ಪ್ರಸಂಗಗಳು ರಾಜ್ಯದ ಕೆಲವೆಡೆ ನಡೆದು ಪತ್ರಿಕೆಗಳಲ್ಲಿ ವರದಿಯಾಗಿವೆ. ದಾಸೋಹವೆಂಬ ಹೆಸರಿನ ಊಟದಲ್ಲಿ ಹೀಗಾಗುವುದು ಶರಣರ ಹೆಸರಿಗೆ ಮಾಡುವ ಅಪಚಾರ. ಮಕ್ಕಳೆಲ್ಲರೂ ಸೇರಿ ಒಂದೇ ಮಣೆಯ ಮೇಲೆ ತರಕಾರಿ ಹೆಚ್ಚಿ, ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಟ್ಟಿಗೆ ಕುಳಿತು ಉಂಡರೆ, ನೂರು ಭಾಷಣಗಳು ಅಳಿಸಲಾಗದ ಭೇದವನ್ನು ಒಂದು ಊಟವು ಅಳಿಸಬಲ್ಲದು. ಅಡುಗೆಯ ತರಗತಿಗೆ ಈ ಶಕ್ತಿಯಿದೆ. ಆದರೆ ಶಿಕ್ಷಕರು ಗುಂಪುಗಳನ್ನು ರಚಿಸುವಾಗಲೂ ಕೆಲಸ ಹಂಚುವಾಗಲೂ ಎಚ್ಚರದಿಂದಿರಬೇಕು. ಪಾತ್ರೆ ತೊಳೆಯುವುದು ಕೆಲವರ ಪಾಲಿಗೆ, ಬಡಿಸುವುದು ಇನ್ನು ಕೆಲವರ ಪಾಲಿಗೆ ಎಂದಾಗದೆ, ಪ್ರತಿ ವಾರ ಕೆಲಸ ಬದಲಾಗುತ್ತಿರಬೇಕು.

ಆಕ್ಷೇಪಗಳು ಮತ್ತು ದಾರಿ

"ಎಸ್‌ಎಸ್‌ಎಲ್‌ಸಿ ಅಂಕಗಳಿಗೆ ಇದರಿಂದೇನು ಪ್ರಯೋಜನ?" ಎಂದು ಪೋಷಕರು ಕೇಳುವುದು ಸಹಜ. ಪ್ರತ್ಯೇಕ ವಿಷಯ, ಪ್ರತ್ಯೇಕ ಪರೀಕ್ಷೆ ಬೇಕಾಗಿಲ್ಲ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಾಗ ಹಾಲಿಗೆ ಹೆಪ್ಪು ಹಾಕಿ, ಬೆಚ್ಚಗಿನ ಜಾಗದಲ್ಲೊಂದು ಮತ್ತು ತಂಪಾದ ಜಾಗದಲ್ಲೊಂದು ಬಟ್ಟಲಿಟ್ಟು ಹೋಲಿಸಲಿ. ಹತ್ತನೆಯ ತರಗತಿಯಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠಕ್ಕೆ ಅಡುಗೆ ಸೋಡಾ, ಹುಣಸೆಹುಳಿ, ಮಜ್ಜಿಗೆಗಳನ್ನು ಬಳಸಲಿ. ಕುದಿಬಿಂದುವಿನ ಪಾಠಕ್ಕೆ ಕುಕ್ಕರ್ ಇದೆ; ಅದರೊಳಗಿನ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಬೇಳೆ ಬೇಗ ಬೇಯುತ್ತದೆ. ಕಣ್ಣಾರೆ ಕಂಡದ್ದನ್ನು ಮಗು ಪರೀಕ್ಷೆಯಲ್ಲಿ ಮರೆಯುವುದಿಲ್ಲ.

"ಮಕ್ಕಳಿಂದ ದುಡಿಸಿಕೊಳ್ಳುತ್ತಾರೆ" ಎಂಬುದು ಇನ್ನೊಂದು ಭಯ. ಈ ವಿಷಯದಲ್ಲಿ ಗೆರೆ ಸ್ಪಷ್ಟವಾಗಿರಬೇಕು. ನೂರಾರು ಮಕ್ಕಳಿಗೆ ಬೇಯಿಸುವ ದೊಡ್ಡ ಪಾತ್ರೆಯ ಬಳಿ ಮಕ್ಕಳು ಹೋಗಲೇಬಾರದು. ಅದು ಅಡುಗೆ ಸಿಬ್ಬಂದಿಯ ಕೆಲಸ. ಕಲಿಕೆಯ ಅಡುಗೆ ಬೇರೆ, ಚಿಕ್ಕದು, ಶಿಕ್ಷಕರ ಕಣ್ಣೆದುರಿನದು. ಮೊದಲ ತಿಂಗಳುಗಳಲ್ಲಿ ಬೆಂಕಿಯೇ ಬೇಡ. ಕೋಸಂಬರಿ, ಮೊಳಕೆಕಾಳು, ಅವಲಕ್ಕಿ, ಮಂಡಕ್ಕಿ, ಪಾನಕ, ಮಜ್ಜಿಗೆಗಳಿಂದ ಆರಂಭಿಸಬಹುದು. ನಂತರ ಅನ್ನ, ಬೇಳೆ, ಉಪ್ಪಿಟ್ಟು, ರೊಟ್ಟಿ. ವರ್ಷದ ಕೊನೆಗೆ ಚಟ್ನಿಪುಡಿ, ರಾಗಿಸರಿ, ಒಣಗಿಸಿದ ತರಕಾರಿಗಳಂತಹ ಬಾಳಿಕೆಯ ಪದಾರ್ಥಗಳು. ತಿಂಗಳಿಗೆ ಎರಡು ತಾಸು ಸಾಕು. ಬಿಸಿಯೂಟದ ಅಡುಗೆಯವರನ್ನು ಒಂದು ದಿನ ತರಗತಿಗೆ ಕರೆದು, ಅವರಿಂದ ಮಕ್ಕಳಿಗೆ ಪಾಠ ಹೇಳಿಸಿದರೆ, ಕಡಿಮೆ ಸಂಭಾವನೆಗೆ ದುಡಿಯುವ ಆ ತಾಯಂದಿರ ಕಾಯಕಕ್ಕೆ ಗೌರವವೂ ಸಲ್ಲುತ್ತದೆ.

ನೆರವಿಗೂ ಕೊರತೆಯಿಲ್ಲ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆಗಳು ನಮ್ಮ ಸಮೀಪದಲ್ಲಿಯೇ ಇವೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ದೇಶಕ್ಕೇ ಮಾದರಿಯಾಗಿದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಆಹಾರ ವಿಜ್ಞಾನದ ಪದವಿಗಳಿವೆ. ಪ್ರೌಢಶಾಲೆಯಲ್ಲಿ ಬಿತ್ತಿದ ಆಸಕ್ತಿಯು ಮುಂದೆ ಉನ್ನತ ವಿದ್ಯೆಯಾಗಿಯೋ ಊರಿನಲ್ಲಿಯೇ ಒಂದು ಕಿರು ಉದ್ದಿಮೆಯಾಗಿಯೋ ಬೆಳೆಯಬಲ್ಲದು. ಮೆಕ್ಕೆಜೋಳವನ್ನು ಮೂಟೆಗಟ್ಟಲೆ ಮಾರಿ, ಅದರಿಂದಲೇ ಮಾಡಿದ ಪೊಟ್ಟಣವನ್ನು ಹತ್ತು ಪಟ್ಟು ಬೆಲೆಗೆ ಕೊಳ್ಳುವ ರೈತನ ಮಗ ಈ ವಿದ್ಯೆಯನ್ನು ಕಲಿತರೆ ಆ ಲೆಕ್ಕ ತಿರುಗಬಹುದು.

ನಾವೇನು ಮಾಡಬಹುದು?

ಭಕ್ತರು ಸಮಾರಂಭಗಳಲ್ಲಿ ದಾಸೋಹಕ್ಕಾಗಿ ಅಕ್ಕಿ, ಬೇಳೆ, ಬೆಲ್ಲಗಳನ್ನು ಉದಾರವಾಗಿ ಅರ್ಪಿಸುತ್ತಾರೆ. ಅದೇ ಭಾವದಿಂದ ತಮ್ಮೂರಿನ ಪ್ರೌಢಶಾಲೆಗೆ ಒಂದು ತೂಕದ ಯಂತ್ರ, ನಾಲ್ಕಾರು ಚಿಕ್ಕ ಪಾತ್ರೆ, ಒಂದು ಕುಕ್ಕರ್, ಒಂದು ಅಗ್ನಿಶಾಮಕವನ್ನು ಕೊಡಿಸಬಹುದು. ಶಾಲೆಯ ಅಂಗಳದಲ್ಲಿ ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯಿ ಗಿಡಗಳನ್ನು ನೆಟ್ಟು ಕೈತೋಟ ಬೆಳೆಸಬಹುದು. ಊರಿನ ಹಿರಿಯ ತಾಯಂದಿರು ತಮಗೆ ಗೊತ್ತಿರುವ ಸೊಪ್ಪುಗಳ ಹೆಸರನ್ನೂ, ಕಾಳು ಕಾಪಿಡುವ ಕ್ರಮವನ್ನೂ ಮಕ್ಕಳಿಗೆ ಹೇಳಿಕೊಡಬಹುದು. ಅವರೊಡನೆಯೇ ಆ ತಿಳಿವು ಮರೆಯಾದರೆ ಮತ್ತೆ ಸಿಗದು. ಮನೆಯಲ್ಲಿ ವಾರಕ್ಕೊಂದು ದಿನ ಮಗನೂ ಮಗಳೂ ಸೇರಿ ಅಡುಗೆ ಮಾಡಲಿ; ಉಪ್ಪು ಹೆಚ್ಚಾದರೂ ಮನೆಯವರೆಲ್ಲ ಸಂತೋಷದಿಂದ ಉಣ್ಣಲಿ.

ನಾವು ಉಣ್ಣುವ ಅನ್ನವನ್ನು ಪ್ರಸಾದವೆಂದು ಕರೆಯುತ್ತೇವೆ. ಪ್ರಸಾದವೆಂದ ಮೇಲೆ ಅದು ಎಲ್ಲಿಂದ ಬಂತು, ಯಾರ ಕೈಯಲ್ಲಿ ಬೆಂದಿತು, ದೇಹಕ್ಕೆ ಏನನ್ನು ನೀಡಿತು ಎಂಬ ಅರಿವೂ ಆ ಭಕ್ತಿಯೊಳಗೇ ಸೇರಿದೆ. ನಾಳೆ ಮಧ್ಯಾಹ್ನದ ಗಂಟೆ ಬಾರಿಸಿದಾಗ ನಮ್ಮೂರಿನ ಮಕ್ಕಳು ತಟ್ಟೆಯನ್ನು ನೋಡಿ, "ಇದರಲ್ಲಿ ಏನಿದೆ ಎಂದು ನಮಗೆ ಗೊತ್ತು, ಇದನ್ನು ಮಾಡಲೂ ನಮಗೆ ಬರುತ್ತದೆ" ಎನ್ನುವಂತಾಗಲಿ. ಅಂದು ಅಕ್ಷರವೂ ದಾಸೋಹವೂ ಒಂದಾಗುತ್ತವೆ.